ಬವೇರಿಯಾದ ರಿಂಗಿನ ಮೇಲೆ ನನ್ನದೊಂದು ಸುತ್ತು

ಬವೇರಿಯನ್ ವೇವ್ಸ್ ಇಂಟರ್‌ನ್ಯಾಶನಲ್ ಕಂಪನಿಯ ಮಾನ್ಯ ಮ್ಯಾನೇಜಿಂಗ್ ಡೈರೆಕ್ಟರ್ ಸಾಹೇಬರ ಸನ್ನಿಧಿಗೆ,
ಮುಕ್ಕಾಂ ಮ್ಯೂನಿಕ್ ಮತ್ತು ಪುಣೆ (ತಮ್ಮ ಡಬ್ಬಿಯ ಮೇಲೆ ಹಾಗೆಂದು ಬಂಗಾರದ ಅಕ್ಷರದಲ್ಲಿ ಅಚ್ಚಾಗಿದೆ).

ಮಾನ್ಯರೇ,

ರಾಯಬಾಗ ತಾಲೂಕು ಅಲಖನೂರಿನ ಮೋಟರ್ ರಿವೈಂಡಿಂಗ್ ಅಂಗಡಿಯ ಮಾಲೀಕನೂ, ಏಳನೇ ಇಯತ್ತೆಯನ್ನು ಎರಡು ವರ್ಷ ಓದಿ ಗಟ್ಟಿಮಾಡಿಕೊಂಡವನೂ, ಐವತ್ತೆಂಟನೇ ವಯಸ್ಸಿನಲ್ಲಿ ಕೇಂದ್ರ ಸರ್ಕಾರದ ಪರೀಕ್ಷೆಗೆ ಕೂತು ಹ್ಯಾಮ್ ರೇಡಿಯೋ ಲೈಸೆನ್ಸ್ ಗಿಟ್ಟಿಸಿದವನೂ ಆದ ದುಂಡೇಶ ಕಾಕಾ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಇತ್ತ ನಾನು, ನನ್ನ ಹೆಂಡತಿ ಅನುಸೂಯಾ, ನಮ್ಮ ಎರಡು ಎಮ್ಮೆ ಮತ್ತು ತಾವು ಕಳಿಸಿದ ಹದಿಮೂರರಲ್ಲಿ ಹನ್ನೆರಡು ಡಬ್ಬಿಗಳು ಕ್ಷೇಮ. ಡಬ್ಬಿಗಳು ಬಂದ ದಿನದಿಂದ ಯಾವ ಕೆಲಸವನ್ನೂ ಮಾಡಿ ದಣಿದಿಲ್ಲವಾದ್ದರಿಂದ ಅವುಗಳ ಆರೋಗ್ಯ ನಮ್ಮೆಲ್ಲರಿಗಿಂತ ಚೆನ್ನಾಗಿದೆ.

ತಮಗೆ ನಾನು ಮೊದಲು ಮೂರು ಖಾಸಗಿ ಪತ್ರ ಬರೆದೆ. ಮೂರಕ್ಕೂ ತಮ್ಮ ಯಂತ್ರವೊಂದು 'ಡಿಯರ್ ಕಸ್ಟಮರ್' ಎಂದು ಶುರುಮಾಡಿ, ನನ್ನ ಸಂತೋಷವೇ ತನ್ನ ಸಂತೋಷವೆಂದು ಒಂದಕ್ಷರ ಆಚೀಚೆಯಾಗದಂತೆ ಉತ್ತರ ಕೊಟ್ಟಿತು. ಕಟ್ಟಿಕೊಂಡ ಹೆಂಡತಿಯೂ ಮೂವತ್ತೈದು ವರ್ಷದಲ್ಲಿ ನನಗೆ ಹೇಳದ ಮಾತನ್ನು ತಮ್ಮ ಯಂತ್ರ ಒಂದು ವಾರದಲ್ಲಿ ಮೂರು ಸಲ ಹೇಳಿದ ಮೇಲೆ, ಇಂಥ ಪ್ರೀತಿಯನ್ನು ಮುಚ್ಚಿಡುವುದು ತರವಲ್ಲವೆಂದು ಈ ನಾಲ್ಕನೆಯದನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ಓದುವ ನಾಲ್ಕು ಜನಕ್ಕೆ ಈ ಡಬ್ಬಿ ಏನೆಂದು ತಿಳಿಯಬೇಕಲ್ಲ. ಹ್ಯಾಮ್ ರೇಡಿಯೋದವರು ಹೊಲಕ್ಕೋ ಗುಡ್ಡಕ್ಕೋ ಹೋದಾಗ ಅರವತ್ತಾರು ಅಡಿ ತಂತಿಯನ್ನು ಒಂದು ಬೇವಿನ ಮರಕ್ಕೆ ಕಲ್ಲು ಕಟ್ಟಿ ಎಸೆದು, ಇನ್ನೊಂದು ತುದಿಯನ್ನು ಸೆಟ್ಟಿಗೆ ಹಚ್ಚಿ ಮಾತಾಡುತ್ತಾರೆ. ತೊಂದರೆ ಏನೆಂದರೆ ಆ ತಂತಿಯ ತುದಿಯಲ್ಲಿ ಎರಡೂವರೆ ಸಾವಿರ ಓಮ್‌ನಷ್ಟು ತಡೆ ಇರುತ್ತದೆ, ಸೆಟ್ಟು ಮಾತ್ರ ಐವತ್ತು ಓಮ್‌ಗಿಂತ ಬೇರೆ ಲೆಕ್ಕವನ್ನು ಒಪ್ಪುವುದಿಲ್ಲ. ಮೂರು ಇಂಚಿನ ಪೈಪಿಗೆ ಅರ್ಧ ಇಂಚಿನ ಡ್ರಿಪ್ ನಳಿಗೆ ಕೂಡಿಸಲು ರೈತರು ನಡುವೆ ರಿಡ್ಯೂಸರ್ ಹಾಕುತ್ತಾರಲ್ಲ, ಹಾಗೆ ಇವೆರಡರ ನಡುವೆ ಒಂದು ಕಪ್ಪು ಫೆರೈಟ್ ರಿಂಗಿಗೆ ತಾಮ್ರದ ತಂತಿ ಸುತ್ತಿ ಕೂಡಿಸಬೇಕು. ಹದಿನಾಲ್ಕು ಸುತ್ತು ಹಾಕಿ, ಬುಡದಿಂದ ಎರಡನೇ ಸುತ್ತಿನಲ್ಲಿ ಸೆಟ್ಟಿಗೊಂದು ಕವಲು ಕೊಟ್ಟರೆ ಎರಡಕ್ಕೆ ಹದಿನಾಲ್ಕು ಏಳು ಪಟ್ಟು, ತಡೆ ಇಳಿಯುವುದು ಆ ಪಟ್ಟನ್ನು ಅದರಿಂದಲೇ ಗುಣಿಸಿದಷ್ಟು, ಏಳೇಳಲೆ ನಲವತ್ತೊಂಬತ್ತು. ಎರಡೂವರೆ ಸಾವಿರ ಇಳಿದು ಐವತ್ತರ ಹತ್ತಿರ ಬಂದು ಕೂರುತ್ತದೆ. ಇಷ್ಟೇ. ಕಾಗವಾಡದಿಂದ ನಿಪ್ಪಾಣಿಯವರೆಗೆ ನಾನು ಸುತ್ತಿದ ಮೋಟರ್ ಇಳಿಯದ ಬಾವಿ ಇಲ್ಲವಾದ್ದರಿಂದ ನನಗೆ ಇದು ಎಲೆಯಡಿಕೆ ಹಾಕಿಕೊಳ್ಳುವಷ್ಟು ಹೊತ್ತಿನ ಕೆಲಸ. ಅದನ್ನು ನಾನು ತಂಬಾಕು-ಸುಣ್ಣದ ಜೋಡು ಡಬ್ಬಿಯಲ್ಲಿ ಕೂಡಿಸುತ್ತೇನೆ. ತಂಬಾಕಿನ ಮನೆಯಲ್ಲಿ ರಿಂಗು, ಸುಣ್ಣದ ಮನೆಯಲ್ಲಿ ಚಿಕ್ಕ ಕೆಪ್ಯಾಸಿಟರ್. ಅಂಗಿಯ ಕಿಸೆಯಲ್ಲಿ ಹಿಡಿಯುತ್ತದೆ.

ಈ ಕಿಸೆಯ ಡಬ್ಬಿಯೇ ನನಗೆ ಮುಳುವಾಯಿತು. ಹಿಂದಿನ ಮಹಾಪೂರದಲ್ಲಿ ಮೊಬೈಲ್ ಟವರ್ ಎರಡನೇ ದಿನವೇ ಕಣ್ಣುಮುಚ್ಚಿ, ನದಿದಂಡೆಯ ಒಂದು ತೋಟಪಟ್ಟಿಯಲ್ಲಿ ಮಾಳಿಗೆಯ ಮೇಲೆ ನಲವತ್ತು ಜನ ಕೂತಿದ್ದಾರೆಂಬುದು ಬೋಟಿನವರಿಗೆ ಒಂದು ಹಗಲು, ಒಂದು ರಾತ್ರಿ ಗೊತ್ತಾಗಲಿಲ್ಲ. ಅದಕ್ಕೇ ನಮ್ಮ ನದಿದಂಡೆ ನೆರೆ ಸಹಾಯ ಸಮಿತಿಯವರು ಈ ಮಳೆಗಾಲದೊಳಗೆ ಹನ್ನೆರಡು ಊರುಗಳಲ್ಲಿ ಸೆಟ್ಟು ಮತ್ತು ತಂತಿ ಇಡುವುದೆಂದು, ನಮ್ಮ ಕ್ಲಬ್ಬಿನ ಲೈಸೆನ್ಸ್‌ದಾರರು ಊರಿಗೊಬ್ಬರಂತೆ ಕೂರುವುದೆಂದು ಠರಾವು ಮಾಡಿದರು. ನಾನು ಹನ್ನೆರಡು ಜೋಡು ಡಬ್ಬಿಗಳನ್ನು ಪುಕ್ಕಟೆ ಮಾಡಿ ಟೇಬಲ್ಲಿನ ಮೇಲಿಟ್ಟೆ. ಅಧ್ಯಕ್ಷರಾದ, ಅಥಣಿ ಕಡೆಯ ದ್ರಾಕ್ಷಿ ತೋಟದ ಬಾಬಾಸಾಹೇಬರು ಒಂದನ್ನು ತೆರೆದು ಮೂಸಿ ನೋಡಿ, "ಕಾಕಾ, ಮಂದಿ ಜೀಂವದ ಪ್ರಶ್ನೆ ಐತ್ರಿ ಇದು, ತಂಬಾಕ ಡಬ್ಬಿ ಮ್ಯಾಲ ಬಿಡಾಕ ಆಗ್ತೈತೇನು? ಕಂಪನಿ ಮಾಲ ತರಸೂಣು, ಸೀಲ್ ಇರತೈತಿ, ಗ್ಯಾರಂಟಿ ಇರತೈತಿ" ಎಂದರು. ಸಭೆ ಚಪ್ಪಾಳೆ ತಟ್ಟಿತು. ಹೀಗೆ ತಮ್ಮ ಘನ ಕಂಪನಿಯು ಹನ್ನೆರಡು ಊರಿಗೆ ಹನ್ನೆರಡು, ಮೇಲೊಂದು ಹೆಚ್ಚಿನದು ಎಂದು ಹದಿಮೂರು ಡಬ್ಬಿ ಕಳಿಸಿ ನಮ್ಮನ್ನು ಉದ್ಧರಿಸಿತು.

ಆಹಾ, ಏನು ಡಬ್ಬಿ! ಕರೀ ಹೊಳಪೇನು, ಮುಚ್ಚಳದ ಮೇಲೆ ಮಿಂಚುವ ಸೀಲೇನು, 'ಜರ್ಮನ್ ಟೆಕ್ನಾಲಜಿ' ಎಂಬ ಬಿರುದೇನು! ನನ್ನ ಜೋಡು ಡಬ್ಬಿ ಅದರ ಪಕ್ಕದಲ್ಲಿ ಮದುಮಗನ ಮಗ್ಗುಲಲ್ಲಿ ಕೂತ ಹಜಾಮನ ಪೆಟ್ಟಿಗೆಯಂತೆ ಕಂಡಿತು. ಕುಡಚಿಯ ನದಿದಂಡೆಯಲ್ಲಿ ತಾಲೀಮು ಇಟ್ಟೆವು. ತೆಂಗಿನ ಮರಕ್ಕೆ ತಂತಿ ಏರಿತು, ಬಾಬಾಸಾಹೇಬರು ಕಾಯಿ ಒಡೆದರು, ನಾನು ಮೈಕು ಹಿಡಿದು ಕೊಗನೊಳ್ಳಿಯಲ್ಲಿ ಸೆಟ್ಟಿನ ಮುಂದೆ ಕೂತಿದ್ದ ನಮ್ಮ ಕ್ಲಬ್ಬಿನ ಸಮ್ಮೇದನನ್ನು ಕರೆದೆ. ಹನ್ನೆರಡು ಸಲ ಕರೆದೆ. ಸೆಟ್ಟು ತಮ್ಮ ಡಬ್ಬಿಯ ಲೆಕ್ಕ ಒಪ್ಪದೆ, ಸುಟ್ಟುಹೋಗುವ ಭಯಕ್ಕೆ ತನ್ನ ಶಕ್ತಿಯನ್ನು ತಾನೇ ಇಳಿಸಿಕೊಂಡು ಮುದುಕನಂತೆ ಗೊಣಗುತ್ತಿತ್ತು. ಕಡೆಗೆ ಸಮ್ಮೇದ ಫೋನ್ ಮಾಡಿ, "ಕಾಕಾ, ನೀವು ಮಾತಾಡಾಕತ್ತೀರೋ, ಕಿವ್ಯಾಗ ಗುಂಗಾಡ ಹೊಕ್ಕೈತೋ ತಿಳಿವಲ್ದು ನೋಡ್ರಿ" ಎಂದ. ನಾನು ಯಾರಿಗೂ ಹೇಳದೆ ಕಿಸೆಯಿಂದ ನನ್ನ ತಂಬಾಕಿನ ಡಬ್ಬಿ ತೆಗೆದು ಹಚ್ಚಿ ಒಂದೇ ಒಂದು ಸಲ ಕರೆದೆ. ಸೆಟ್ಟಿನೊಳಗಿಂದ ಸಮ್ಮೇದನೇ ಕೂಗಿದ: "ಯಪ್ಪಾ ಕಾಕಾ, ಒದರಬ್ಯಾಡ್ರಿ, ಇಲ್ಲೇ ಬಾಜೂಕ ಕುಂತಂಗ ಕೇಳತೈತಿ!"

ಇಷ್ಟಾದರೂ ತಮ್ಮ ಸೀಲಿನ ಮಹಿಮೆ ಕುಗ್ಗಲಿಲ್ಲವೆಂಬುದನ್ನು ತಮ್ಮ ಸಂತೋಷಕ್ಕಾಗಿ ತಿಳಿಸುತ್ತೇನೆ. ಬಾಬಾಸಾಹೇಬರು, "ಸೀಲ್ ಒಡದ್ರ ಗ್ಯಾರಂಟಿ ಹೋತು ಕಾಕಾ, ಕಂಪನಿಯವರೇ ಬಂದು ನೋಡಬೇಕು. ಹವಾ ಸರಿ ಇರಲಿಕ್ಕಿಲ್ಲ ಇವತ್ತು" ಎಂದು ಹನ್ನೆರಡು ಡಬ್ಬಿಗಳನ್ನೂ ಹನ್ನೆರಡು ಊರಿಗೆ ಹಂಚಿಯೇಬಿಟ್ಟರು. ಹದಿಮೂರನೆಯದನ್ನು ಮಾತ್ರ ನಾನು ಧೋತರದ ಅಂಚಿನಲ್ಲಿ ಸುತ್ತಿಕೊಂಡು ಮನೆಗೆ ತಂದು, ಸುಟ್ಟ ಮೋಟರಿನ ಹಳೇ ಕಾಯಿಲ್ ಕಡಿಯುವ ಚಾಣವನ್ನು ಬವೇರಿಯಾದ ನೆತ್ತಿಗಿಟ್ಟು ಒಂದು ಪೆಟ್ಟು ಕೊಟ್ಟೆ.

ಮಾನ್ಯರೇ, ಒಳಗೆ ಕಂಡದ್ದನ್ನು ನೋಡಿ ನನಗೆ ಜರ್ಮನ್ ಜನರ ಮೇಲಿನ ಗೌರವ ಇಮ್ಮಡಿಯಾಯಿತು. ಮೊದಲನೆಯದಾಗಿ, ರಿಂಗಿನ ಕೆಳಗೆ ಒಂದು ಚಿಟಿಕೆ ಭಂಡಾರವಿತ್ತು. ಮ್ಯೂನಿಕ್‌ನವರು ಕೂಡ ಕೆಲಸ ಸುರುಮಾಡುವ ಮುನ್ನ ಚಿಂಚಲಿ ಮಾಯಕ್ಕನಿಗೆ ನಡೆದುಕೊಂಡು ಅರಿಶಿನ ಉದುರಿಸುತ್ತಾರೆಂಬ ಸುದ್ದಿ ನಮ್ಮ ಭಾಗದ ಭಕ್ತರಿಗೆ ಇನ್ನೂ ಮುಟ್ಟಿಲ್ಲ. ಇನ್ನು ತಂತಿಯ ತುದಿಯನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯದೆ ಮೇಣದ ದಾರದಿಂದ, ಎಡಗೈಯಿಂದ ಹಾಕುವ ಎರಡೆಳೆ ಗಂಟಿನಿಂದ ಕಟ್ಟಿದ್ದರು. ಆ ಗಂಟು ನನ್ನದು. ಮೂವತ್ತು ವರ್ಷದಿಂದ ನನ್ನ ಮೋಟರ್ ಕಾಯಿಲ್‌ಗಳ ಮೇಲೆ ಬೀಳುತ್ತ ಬಂದಿರುವ ಗಂಟು. ಆಮೇಲೆ ಸುತ್ತು ಎಣಿಸಿದೆ. ಕವಲಿಗೆ ಎರಡಲ್ಲ, ಮೂರು. ಒಟ್ಟು ಹದಿನಾಲ್ಕಲ್ಲ, ಹದಿನೈದು. ಮೂರಕ್ಕೆ ಹದಿನೈದು ಐದೇ ಪಟ್ಟು, ಐದೈದಲೆ ಇಪ್ಪತ್ತೈದು. ಬುಡದಲ್ಲಿ ಒಂದೇ ಒಂದು ಸುತ್ತು ಹೆಚ್ಚಾಗಿ ನಲವತ್ತೊಂಬತ್ತು ಅರ್ಧಕ್ಕೆ ಇಳಿದಿತ್ತು.

ಈ ತಪ್ಪನ್ನು ಜಗತ್ತಿನಲ್ಲಿ ಮೊಟ್ಟಮೊದಲು ಮಾಡಿದವನು ನಾನು ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ನಮ್ಮಲ್ಲಿ ರಾಶಿ ಅಳೆಯುವಾಗ ಮೊದಲ ಸೇರಿಗೆ ಒಂದು ಎನ್ನದೆ 'ಲಾಭ' ಎನ್ನುತ್ತಾರೆ. ನಾನೂ ಕಾಯಿಲ್ ಸುತ್ತುವಾಗ ಮೊದಲ ಸುತ್ತಿಗೆ ಲಾಭ ಎಂದು, ಅದು ದೇವರ ಪಾಲೆಂದು ಬಿಟ್ಟು, ಆಮೇಲೆ ಒಂದು, ಎರಡು ಎಂದು ಹೋಗುತ್ತಿದ್ದೆ. ಮುನ್ನೂರು ಸುತ್ತಿನ ಮೋಟರಿನಲ್ಲಿ ದೇವರಿಗೊಂದು ಹೆಚ್ಚಾದರೆ ಯಾರ ಬಾವಿಯೂ ಬತ್ತುವುದಿಲ್ಲ. ಎರಡೇ ಸುತ್ತಿಗೆ ಕವಲು ಕೊಡುವ ರಿಂಗಿನಲ್ಲಿ ದೇವರು ಮೂರರಲ್ಲೊಂದು ಪಾಲು ಹೊಡೆಯುತ್ತಾನೆ. ಇದು ತಿಳಿಯದೆ ಆರು ತಿಂಗಳು ನಾನು ರಿಂಗು ಕಳಿಸಿದವನನ್ನು, ಬೇವಿನ ಮರವನ್ನು, ಸೂರ್ಯನ ಮೇಲಿನ ಕಲೆಗಳನ್ನು ಬೈಯುತ್ತಿದ್ದಾಗ, ಪಕ್ಕದಲ್ಲಿ ಜೋಳ ಅಳೆಯುತ್ತಿದ್ದ ಅನುಸೂಯಾ ಕೈ ನಿಲ್ಲಿಸಿ, "ಅಲ್ರೀ, ಲಾಭ ಆದಮ್ಯಾಲ ನಾವು ಎರಡು ಅಂತೀವಿ, ನೀವು ತಿರಗಿ ಒಂದಕ್ಕ ಯಾಕ ಹೋಗ್ತೀರಿ? ನಡುವಿನ ಒಂದು ಸೇರು ಯಾರ ಹೊಟ್ಟ್ಯಾಗ ಹೋತು?" ಎಂದು ಕೇಳಿದಳು. ಅಂದಿನಿಂದ ನನ್ನ ಡಬ್ಬಿ ಮಾತಾಡುತ್ತದೆ.

ಹೀಗೆ ಭಂಡಾರ ಉದುರಿಸಿ, ಲಾಭ ಬಿಟ್ಟು ಎಣಿಸಿ, ಎಡಗೈ ಗಂಟು ಹಾಕುವವರು ಭೂಮಿಯ ಮೇಲೆ ಇಬ್ಬರೇ. ಒಬ್ಬ ನಾನು, ನಾನು ಮ್ಯೂನಿಕ್‌ಗೆ ಹೋಗಿಲ್ಲ. ಇನ್ನೊಬ್ಬ ನನ್ನ ತಂಗಿ ರುಕ್ಮವ್ವನ ಮಗ ಉತ್ತಮ. ಎಂಟು ವರ್ಷ ನನ್ನ ಅಂಗಡಿಯಲ್ಲಿ ಕೈಪಳಗಿಸಿಕೊಂಡು, ಮೂರು ವರ್ಷದ ಕೆಳಗೆ, "ಮಾಮಾ, ಡಬ್ಬಿ ಮ್ಯಾಲ ನಿಮ್ಮ ಹೆಸರ ಹಾಕಿದ್ರ ಮಂದಿ ಮೂಸಿ ನೋಡಂಗಿಲ್ಲ, ಒಂದು ಇಂಗ್ಲಿಷ್ ಹೆಸರ ಹಚ್ಚೂಣು" ಎಂದವನು. ನಾನು, "ಹೆಸರ ಬದಲಿ ಮಾಡಾಂವ ಮದ್ಲ ಮನಿ ಬದಲಿ ಮಾಡು" ಎಂದೆ, ಮಾಡಿದ. ಅನುಸೂಯಾ ನನ್ನ ಎಣಿಕೆಯ ತಪ್ಪು ಹಿಡಿದದ್ದು ಅವನು ಹೋದ ಮೇಲೆ. ತಮ್ಮ ಪಾರ್ಸಲಿನ ಮೇಲಿನ ಮಿಂಚುವ ಚೀಟಿಯನ್ನು ಉಗುರಿನಿಂದ ಕೆರೆದಾಗ, ಕೆಳಗೆ ಕೊರಿಯರ್‌ನವನು ಬರೆದ ವಿಳಾಸ ನಿಪ್ಪಾಣಿಯ ಒಂದು ತಂಬಾಕು ಗೋದಾಮಿನ ಹಿಂಬದಿಯದಾಗಿತ್ತು. ಬವೇರಿಯಾ ಇಷ್ಟು ಹತ್ತಿರವಿದೆ, ಚಿಕ್ಕೋಡಿಯಲ್ಲಿ ಬಸ್ ಬದಲಿಸಿದರೆ ಸಾಕು ಎಂದು ಗೊತ್ತಿದ್ದರೆ ನಾನು ಪಾಸ್‌ಪೋರ್ಟಿನ ಚಿಂತೆ ಮಾಡುತ್ತಲೇ ಇರಲಿಲ್ಲ. ಮತ್ತು ನನ್ನ ತಂಬಾಕಿನ ಡಬ್ಬಿಯನ್ನು ಮೂಸಿ ತಳ್ಳಿದ ಸಮಿತಿ ತರಿಸಿದ್ದೂ ತಂಬಾಕಿನ ಗೋದಾಮಿನ ಮಾಲನ್ನೇ ಎಂಬುದನ್ನು ಬಾಬಾಸಾಹೇಬರಿಗೆ ಹೇಳುವ ಧೈರ್ಯ ನನಗೆ ಬಂದಿಲ್ಲ. ಅವರು ಇದನ್ನು ಇಲ್ಲಿಯೇ ಓದಲಿ.

ಆದ್ದರಿಂದ ನನ್ನ ಫಿರ್ಯಾದು ತಮ್ಮ ಡಬ್ಬಿ ಕೆಟ್ಟದೆಂಬುದಲ್ಲ. ತಾವು ನನ್ನ ತಪ್ಪನ್ನು ಕದ್ದಿದ್ದೀರಿ ಎಂಬುದು. ನನ್ನ ಹೆಸರು ಬೇಡವಾದವರಿಗೆ ನನ್ನ ತಪ್ಪು ಹೇಗೆ ಬೇಕಾಯಿತು? ಇನ್ನುಮುಂದೆ ಪ್ರತಿ ಡಬ್ಬಿಯ ಮೇಲೆ 'ಟೆಕ್ನಾಲಜಿ ಜರ್ಮನ್, ತಪ್ಪು ಅಲಖನೂರಿನ ದುಂಡೇಶ ಕಾಕಾನದು' ಎಂದು ಬಂಗಾರದ ಅಕ್ಷರದಲ್ಲಿಯೇ ಅಚ್ಚು ಹಾಕಿಸಬೇಕು. ಅದು ಆಗದಿದ್ದರೆ, ತಮ್ಮ ಡಬ್ಬಿ ಇರುವ ಊರುಗಳಿಗೆ ನೀರು ನುಗ್ಗದಂತೆ ಕೃಷ್ಣಾ ನದಿಗೆ ಕಂಪನಿಯ ಲೆಟರ್‌ಹೆಡ್ಡಿನಲ್ಲಿ ಒಂದು ನೋಟಿಸು ಕಳಿಸಬೇಕು. ಅದೂ ಆಗದಿದ್ದರೆ ಮ್ಯೂನಿಕ್‌ನಲ್ಲಿ ಹರಿಯುವ ಯಾವುದಾದರೂ ಸಭ್ಯವಾದ ನದಿಯನ್ನು ಮಳೆಗಾಲದ ಮಟ್ಟಿಗೆ ನಮಗೆ ಬದಲಿ ಕೊಡಬೇಕು.

ಒಂದು ಮಾತು ಮಾತ್ರ ವ್ಯಂಗ್ಯವಿಲ್ಲದೆ ಬರೆಯುತ್ತೇನೆ. ಲಾಭವೇ ಒಂದು, ಅದರ ಮೇಲೆ ಎರಡು ಎಂಬುದು ನನಗೆ ತಿಳಿದ ದಿನವೇ ಮನೆ ಬದಲಿ ಮಾಡಿದವನನ್ನು ಹುಡುಕಿ ಹೇಳಿಕಳಿಸಬಹುದಿತ್ತು. ಸಿಟ್ಟಿತ್ತು, ಕಳಿಸಲಿಲ್ಲ. ಈಗ ಘಟ್ಟದಲ್ಲಿ ಮಳೆ ಹಿಡಿದಿದೆ, ಹನ್ನೆರಡು ಊರುಗಳ ಮಾಳಿಗೆಯ ಮೇಲೆ ಹನ್ನೆರಡು ಮೂಕ ಡಬ್ಬಿಗಳು ಕೂತಿವೆ, ಕಂಪನಿಯ ಅಪ್ಪಣೆ ಇಲ್ಲದೆ ಸೀಲು ಮುಟ್ಟಕೂಡದೆಂದು ಸಮಿತಿ ಪಟ್ಟು ಹಿಡಿದಿದೆ. ಬುಡದ ಒಂದು ಸುತ್ತು ಬಿಚ್ಚಿ, ತುದಿ ಕೆರೆದು, ಬೆಸುಗೆ ಹಾಕಿದರೆ ಮುಗಿಯಿತು. ಡಬ್ಬಿಗೆ ಕಾಲು ತಾಸಿನ ಕೆಲಸ. ಮ್ಯಾನೇಜಿಂಗ್ ಡೈರೆಕ್ಟರ್ ಸಾಹೇಬರು ಖುದ್ದು ದಯಮಾಡಿಸಬೇಕು ಇಲ್ಲವೇ ಒಂದು ಸಹಿ ಕಳಿಸಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ತಮ್ಮ ಏಳ್ಗೆಯಲ್ಲಿ ತನ್ನ ಬೆರಳಚ್ಚನ್ನು ಕಂಡು ಬೆರಗಾಗಿರುವ,

ತಮ್ಮ ವಿಶ್ವಾಸಿ,
ದುಂಡೇಶ ಕಾಕಾ
ಮೋಟರ್ ರಿವೈಂಡಿಂಗ್, ಅಲಖನೂರ

ತಾ.ಕ.: ಈ ಪತ್ರ ಅಚ್ಚಿಗೆ ಹೋಗುವ ಮುಂಚೆ ಹನ್ನೊಂದು ಊರು ಸುತ್ತಿ ಹನ್ನೊಂದು ಡಬ್ಬಿಗಳ ಒಂದೊಂದು ಸುತ್ತನ್ನು ನಾನೇ ಬಿಚ್ಚಿ ಮುಗಿಸಿದ್ದೇನೆ. ಸೀಲು ಹರಿದಿಲ್ಲ, ತಮ್ಮ ಜರ್ಮನ್ ಸೀಲು ಚಹಾದ ಕಿಟ್ಲಿಯ ಹಬೆಗೆ ಏಳುತ್ತದೆ, ಆರಿದ ಮೇಲೆ ತಾನಾಗಿ ಕೂರುತ್ತದೆ. ಹನ್ನೆರಡನೆಯದು ನದಿದಂಡೆಯಲ್ಲಿರುವ ಉತ್ತಮನ ತಾಯಿ ರುಕ್ಮವ್ವನ ಮಾಳಿಗೆಯ ಮೇಲಿದೆ. ಅದಕ್ಕೆ ಕೈಹಾಕಿದಾಗ ಆಕೆ ಡಬ್ಬಿಯನ್ನು ಕಸಿದು ಉಡಿಯಲ್ಲಿಟ್ಟುಕೊಂಡು, "ನೀ ಮುಟ್ಟಬ್ಯಾಡಣ್ಣಾ, ಕಟ್ಟಿದಾಂವನ ಬಂದು ಬಿಚ್ಚಲಿ. ಅಲ್ಲೀತನಕ ನಾ ಬೋಟ್ ಹತ್ತಾಕಿ ಅಲ್ಲ, ನೀರ ಬೇಕಾದ್ರ ಪಾವಟಿಗಿ ಹತ್ತಿ ಮ್ಯಾಲ ಬರ್ಲಿ" ಎಂದಳು. ನನ್ನ ತಂಗಿ ಆಡಿದ ಮಾತು ತಿರುಗಿಸಿದ್ದನ್ನು ನಾನು ಈವರೆಗೆ ನೋಡಿಲ್ಲ, ತಾವೂ ನೋಡಿರಲಾರಿರಿ. ತಮ್ಮ ಕಾರ್ಡಿನ ಪ್ರಕಾರ ವಾರಂಟಿಗೆ ಇನ್ನೂ ಹನ್ನೊಂದು ತಿಂಗಳಿದೆ. ಅಣೆಕಟ್ಟಿನವರು ಬಾಗಿಲು ಎತ್ತಿ ನೀರು ಬಿಡುವುದಕ್ಕೆ ಹನ್ನೊಂದು ದಿನವೂ ಇಲ್ಲ.