ಎದುರುಮನೆಯ ಪಬ್ಜಯ

ಹೆಸರು ನೋಡಿದ ಕೂಡಲೇ ಮನುಷ್ಯ ಯಾವ ಸೀಮೆಯವನೆಂದು ಹೇಳಬಲ್ಲೆ ಎಂಬ ಜಂಬ ನನಗೆ ಮೊದಲಿನಿಂದಲೂ ಇತ್ತು. ಸ್ವೀಡನ್ನಿನ ಸೋಲ್ನಾದ ಈ ಫ್ಲ್ಯಾಟಿಗೆ ಬಂದ ದಿನವೇ ಎದುರು ಬಾಗಿಲ ಮೇಲಿದ್ದ ‘ಪಾಬ್‌ಜಾಯ್’ ಎಂಬ ಹೆಸರು ಓದಿ ಹೆಂಡತಿಗೆ ತೀರ್ಪು ಕೊಟ್ಟೆ.

“ಬಂಗಾಳಿ ಕಣೇ. ನಮ್ಮ ಸಂಜಯ ಅವರ ಬಾಯಲ್ಲಿ ಸೊಂಜಾಯ್ ಆಗಲ್ವಾ? ಇವ್ರು ಒರಿಜಿನಲ್ ಆಗಿ ಪಬ್ಜಯ.”

“ಪಬ್ಜಯ ಅಂತ ಯಾರಾದ್ರೂ ಮಗೂಗೆ ಹೆಸರಿಡ್ತಾರೇನ್ರೀ?” ಎಂದಳು ವೀಣಾ.

ಅವಳ ಮಾತು ಕೇಳುವವನಾಗಿದ್ದರೆ ನನ್ನ ಮಾನ ಉಳಿಯುತ್ತಿತ್ತು. ರಸಗುಲ್ಲದ ಡಬ್ಬಿ ಹಿಡಿದು ಹೋಗಿ ಬೆಲ್ ಒತ್ತಿದೆ. ಬಾಗಿಲು ತೆರೆಯುತ್ತಿದ್ದಂತೆ “ನೊಮೊಶ್ಕಾರ್ ದಾದಾ” ಎಂದು ಡಬ್ಬಿಸಮೇತ ಕೈಮುಗಿದೆ. ತಲೆ ಎತ್ತಿದರೆ, ಎಂಬತ್ತು ದಾಟಿದ ಬಿಳಿಯ ಅಜ್ಜ!

ವಿಷಯ ತಿಳಿದು ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಒಳಗೆ ಕರೆದರು. ಸ್ವೀಡನ್ನಿನ ಹುಡುಗಿಯನ್ನು ಮದುವೆಯಾಗಿ ಇಲ್ಲಿಗೆ ಬಂದ ಇಂಗ್ಲೆಂಡಿನವರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಪಾಬ್‌ಜಾಯ್ ಎಂದರೆ ಹಳೆಯ ಇಂಗ್ಲಿಷಿನಲ್ಲಿ ಗಿಳಿಯಂತೆ. ಹಿಂದೆ ಅವರ ಕಡೆ ಕಂಬದ ತುದಿಗೆ ಮರದ ಗಿಳಿ ಕಟ್ಟಿ ಬಾಣ ಬಿಡುತ್ತಿದ್ದರಂತೆ. ಬೀಳಿಸಿದವನಿಗೆ ಒಂದು ವರ್ಷ ಪಾಬ್‌ಜಾಯ್ ಎಂಬ ಬಿರುದು.

“ನಮ್ಮ ಮುತ್ತಜ್ಜನಿಂದ ಅದನ್ನ ವಾಪಸ್ ಕೇಳೋದು ಊರವರು ಮರೆತರು ಅಂತ ಕಾಣುತ್ತೆ” ಎಂದರು. ಆಮೇಲೆ, “ಈಗ ಮನೆತನದಲ್ಲಿ ಈ ಹೆಸರಿನವನು ನಾನೊಬ್ಬನೇ. ಆ ಊರು, ಆ ಅಜ್ಜನ ಕಥೆ ಎಲ್ಲ ನಮ್ಮಪ್ಪ ಹೇಳಿದ್ದರು. ಶನಿವಾರ ಬನ್ನಿ, ಹೇಳ್ತೀನಿ. ಯಾರಿಗಾದರೂ ಗೊತ್ತಿರಬೇಕು” ಎಂದರು.

ಖಂಡಿತ ಬರುತ್ತೇನೆ ಎಂದೆ. ಆ ಶನಿವಾರ ಯಾರದೋ ಮಗುವಿನ ನಾಮಕರಣ. ಮುಂದಿನದು ಕನ್ನಡಿಗರ ಯುಗಾದಿ ಮೀಟಿಂಗು. ಅದರ ಮುಂದಿನದಕ್ಕೆ ಕಾರಣವೇನೂ ಇರಲಿಲ್ಲ, ಶುದ್ಧ ಸೋಮಾರಿತನ. ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ಅಜ್ಜ “ಸ್ಯಾಟರ್ಡೇ?” ಎಂದು ಹುಬ್ಬೇರಿಸುತ್ತಿದ್ದರು. ನಾನು “ಶೂರ್, ಶೂರ್” ಎನ್ನುತ್ತಿದ್ದೆ.

ಮೊನ್ನೆ ಕೆಲಸದಿಂದ ಬಂದರೆ ಎದುರು ಬಾಗಿಲ ಮೇಲೆ ಹೆಸರಿರಲಿಲ್ಲ. ಅಜ್ಜ ಆಸ್ಪತ್ರೆಯಲ್ಲಿ ತೀರಿಕೊಂಡು ಎರಡು ವಾರವಾಯಿತೆಂದು ಮನೆ ಖಾಲಿ ಮಾಡುತ್ತಿದ್ದವರು ಹೇಳಿದರು. ಎಂಟು ಹೆಜ್ಜೆ ಆಚೆಯ ಮನೆ, ನನಗೆ ಗೊತ್ತೇ ಆಗಿರಲಿಲ್ಲ. ಸಂಕಟವಾಯಿತು. ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು.

ವಿಷಯ ಹೇಳಿದಾಗ ವೀಣಾ ಕೇಳಿದಳು. “ಅವರ ಊರು ಯಾವುದಂತ್ರೀ?”

ಬಸ್ಸಿನಲ್ಲಿ ಪಕ್ಕ ಕೂತವರನ್ನೂ ‘ಯಾವೂರಾಯ್ತು ಸಾರ್’ ಎಂದು ಕೇಳದೆ ಬಿಡದ ಆಸಾಮಿ ನಾನು.

“ಶನಿವಾರ ಹೇಳ್ತೀನಿ ಅಂದಿದ್ರು” ಎಂದೆ.

“ಯಾವ ಶನಿವಾರ?”

“ಎಲ್ಲಾ ಶನಿವಾರಾನೂ.”