ಗಾಬರಿಯಾದ ಮೋಟರೂ ಆಂಟಿಯ ಸಂಡಿಗೆಯೂ

ಅನುಕೂಲದಲ್ಲಿ ಬೆಳೆದವರಿಗೆ ಬರಿಗೈಯಲ್ಲಿ ಬದುಕುವುದನ್ನು ಕಲಿಸುವುದು ಎಷ್ಟು ಕಷ್ಟ ಎಂಬುದು ನನಗೆ ಹೊಟ್ಟೆಪಾಡಿನಿಂದಲೇ ಗೊತ್ತು. ದೊಡ್ಡ ಕಂಪ್ಯೂಟರಿನಲ್ಲಿ ಹಾಯಾಗಿರುವ ಒಂದು ಪ್ರೋಗ್ರಾಮಿಂಗ್ ಭಾಷೆಯನ್ನು ಉಗುರಗಲದ ಚಿಪ್ಪುಗಳಲ್ಲಿ, ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರಗಳಲ್ಲಿ ನಡೆಯುವ ಹಾಗೆ ಮಾಡುವುದು ನನ್ನ ಕೆಲಸ. ಅಲ್ಲಿ ಕೇಳಿದ್ದನ್ನು ಒದಗಿಸುವವರು ಯಾರೂ ಇಲ್ಲ. ಲೆಕ್ಕ ತಪ್ಪಿ ಪ್ರೋಗ್ರಾಮಿಗೆ ಗಾಬರಿಯಾದರೆ ಏನು ಮಾಡಬೇಕು ಎಂಬುದನ್ನೂ ನಾವೇ ಬರೆದುಕೊಡಬೇಕು. ಎಲ್ಲರೂ ಮಾಡುವ ಹಾಗೆ ನಾನೂ ‘ಇದ್ದಲ್ಲೇ ಸುಮ್ಮನೆ ಸುತ್ತುತ್ತಿರು’ ಎಂದು ಒಂದು ಸಾಲು ಬರೆದು ಕೈತೊಳೆದುಕೊಂಡಿದ್ದೆ.

ಗಿರಿನಗರದಲ್ಲಿ ನಾವಿರುವುದು ಮೇಲಿನ ಮನೆಯಲ್ಲಿ. ಕೆಳಗೆ ಓನರ್ ಕಮಲಾ ಆಂಟಿ. ಟ್ಯಾಂಕ್ ತುಂಬಿತೇ ಎಂದು ನೋಡಲು ತಾರಸಿ ಹತ್ತುವುದು ನನಗೆ ಮಹಾ ಬೇಜಾರು. ಟ್ಯಾಂಕ್ ತುಂಬಿದೊಡನೆ ಮೋಟರ್ ತಾನಾಗಿ ನಿಲ್ಲುವಂತೆ ನಮ್ಮ ಆ ಪ್ರೋಗ್ರಾಮಿಂಗ್ ಭಾಷೆಯಲ್ಲೇ ನಡೆಯುವ ಒಂದು ಡಬ್ಬಿ ತಯಾರಿಸಿದೆ.

“ಕೆಟ್ಟುಗಿಟ್ಟು ಹೋಗಲ್ಲ ತಾನೇ? ಮಗಳ ಮದುವೆ ಸಂಡಿಗೆ ಒಣಗ್ಹಾಕಿದೀನಿ ಕಣೇ ಮೇಲೆ” ಎಂದರು ಆಂಟಿ.

“ಆಂಟಿ, ಈ ಭಾಷೆಗೆ ಹೆಸರಿರೋದೇ ಸೇಫ್ಟಿಗೆ” ಎಂದೆ. ನನ್ನ ಯಜಮಾನರು ಪೇಪರಿನ ಹಿಂದೆ ಕೆಮ್ಮಿದರು.

ಅಂದು ಟ್ಯಾಂಕಿನೊಳಗಿನ ವೈರು ಸಡಿಲವಾಗಿ ಡಬ್ಬಿಗೆ ಏನೇನೋ ಅಂಕಿ ಬಂತು. ಅದಕ್ಕೆ ಗಾಬರಿಯಾಯಿತು. ನಾನು ಹೇಳಿಕೊಟ್ಟಂತೆಯೇ ಇದ್ದಲ್ಲೇ ಸುತ್ತತೊಡಗಿತು, ಮೋಟರನ್ನು ಮಾತ್ರ ಆರಿಸಲಿಲ್ಲ. ನೀರಿನ ಸದ್ದು ಕೇಳಿ ಮೇಲೆ ಓಡಿದರೆ ಬೇಸಿಗೆಯ ಬಂಗಾರದಂಥ ಕಾವೇರಿ ನೀರು ತಾರಸಿ ತುಂಬ ಹರಿಯುತ್ತಿತ್ತು, ಮದುವೆ ಸಂಡಿಗೆ ಮತ್ತೆ ಹಿಟ್ಟಾಗಿ ಮೋರಿಯ ಕಡೆ ಹೊರಟಿತ್ತು. ನಾನು ಬಾಯಿ ತೆರೆದುಕೊಂಡು ನೋಡುತ್ತಾ ನಿಂತೆ. ಹಿಂದೆಯೇ ಏದುಸಿರು ಬಿಡುತ್ತಾ ಬಂದ ಆಂಟಿ ಒಂದೇ ನೋಟ ನೋಡಿ, ವಾಪಸು ಇಳಿದು ಹೋಗಿ ಸ್ವಿಚ್ ಆರಿಸಿದರು.

“ಅದಕ್ಕೆ ಗಾಬರಿಯಾದ್ರೆ ಏನ್ಮಾಡುತ್ತೆ?” ಎಂದು ಆಮೇಲೆ ಕೇಳಿದರು.

“ಏನೂ ಮಾಡಲ್ಲ ಆಂಟಿ. ಅಲ್ಲೇ ಇರುತ್ತೆ.”

“ನಿನ್ ಥರಾನೇ ಅನ್ನು.”

ನನಗೆ ನಿಜಕ್ಕೂ ನಾಚಿಕೆಯಾಯಿತು. ಅವರು ಬೈದಿದ್ದರೆ ಇಷ್ಟು ಆಗುತ್ತಿರಲಿಲ್ಲ. ಅಂದೇ ‘ಸುಮ್ಮನೆ ಸುತ್ತುತ್ತಿರು’ ಎಂಬ ಆ ಸಾಲಿನ ಮುಂದೆ ‘ಮೊದಲು ಮೋಟರ್ ಆರಿಸು’ ಎಂದು ಸೇರಿಸಿದೆ. ಆಂಟಿಗೆ ಮಾತ್ರ ನಂಬಿಕೆ ಬರಲಿಲ್ಲ. ಎರಡನೆಯ ಸಲ ಸಂಡಿಗೆ ಇಟ್ಟು, ಅದನ್ನೂ ಟ್ಯಾಂಕನ್ನೂ ಕಾಯಲು ನನ್ನನ್ನೇ ಕೂರಿಸಿದರು. ತಾರಸಿ ಹತ್ತುವುದು ತಪ್ಪಲಿ ಎಂದು ಡಬ್ಬಿ ಮಾಡಿದವಳು ಈಗ ಲ್ಯಾಪ್‌ಟಾಪ್, ಕೊಡೆ, ಕೋಲು ಹಿಡಿದು ತಾರಸಿಯಲ್ಲೇ ವಾಸ. “ಸಖತ್ ಆಟೊಮ್ಯಾಟಿಕ್ ಆಯ್ತು” ಎಂದು ಯಜಮಾನರು ಕಾಫಿ ತಂದುಕೊಟ್ಟರು.

ಡಬ್ಬಿ ಈಗ ಲಕ್ಷಣವಾಗಿ ಕೆಲಸ ಮಾಡುತ್ತಿದೆ. ನಿನ್ನೆ ನಾನು ಅಲ್ಲೇ ಕೂತಿದ್ದಂತೆಯೇ ಒಂದು ಕಾಗೆ ಸೀದಾ ಬಂದು ಸಂಡಿಗೆಯ ಮೇಲೆ ಕುಳಿತಿತು. ಕೋಲು ನನ್ನ ಕೈಯಲ್ಲೇ ಇತ್ತು. ಮೆಟ್ಟಿಲ ಬಾಗಿಲಿನಿಂದ ಆಂಟಿ “ಹುಶ್!” ಎಂದು ಕೂಗುವವರೆಗೂ ನಾನು ಅದನ್ನು ನೋಡುತ್ತಾ ಕುಳಿತಿದ್ದೆ.