ನಮ್ಮ ಅತ್ತಿಗೆಯ ಬರಿಹೊಟ್ಟೆ

ಹಿತ್ತಾಳೆ ದೀಪಗಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಾ ಕೂತಿದ್ದಾಗ ಫೋನು ಬಂತು. ನಮ್ಮ ಅತ್ತಿಗೆ ಸಮಾಧಿ ಸ್ಥಿತಿ ತಲುಪಿದ್ದಾರೆ ಎಂಬ ಸುದ್ದಿ. ಮಹಾತ್ಮರು ವರ್ಷಗಟ್ಟಲೆ ಕೂತು ಪಡೆಯುವುದನ್ನು ಭದ್ರಾವತಿಯ ನ್ಯೂ ಟೌನಿನಲ್ಲಿ, ಕುಕ್ಕರು ಮೂರು ಸಲ ಕೂಗುವುದರೊಳಗೆ ಪಡೆದವರು ಅವರೊಬ್ಬರೇ ಇರಬೇಕು.

ಅತ್ತಿಗೆ ಎಂದರೆ ನಮ್ಮ ಯಜಮಾನರ ಅಕ್ಕ. ಫೋನು ಮಾಡಿದ್ದು ಅವರ ಮನೆಯವರು, ನಮ್ಮ ಭಾವ.

"ಏನಮ್ಮಾ, ನಿಮ್ಮ ಅತ್ತಿಗೆ ಲಿಂಗಪೂಜೆಗೆ ಕೂತೋಳು ಏಳ್ತಾನೇ ಇಲ್ಲ. ಕರೆದ್ರೆ ಹೂಂ ಅಂತಾಳೆ, ಕಣ್ಣು ಬಿಡಲ್ಲ. ಪಕ್ಕದ್ಮನೆ ತಮಿಳಮ್ಮ ಬಂದು ಕರ್ಪೂರ ಬೆಳಗಿ, ಕೈ ಮುಗಿದು ಹೋದ್ರು."

"ಲಿಂಗ?" ಎಂದೆ. ನನಗೆ ಅದೇ ಗಾಬರಿ.

"ಅಂಗೈಯಲ್ಲೇ ಇದೆ."

ಶಿವ ದೊಡ್ಡವನು. ಅಂಗೈ ಮೇಲಿನ ಲಿಂಗ ಕೆಳಗೆ ಬೀಳಲಿಲ್ಲ, ದೀಪ ಸೆರಗಿಗೆ ತಾಗಲಿಲ್ಲ. ಕೈ ತೊಳೆದು, ಶಿವಮೊಗ್ಗದ ವಿದ್ಯಾನಗರದ ನಮ್ಮ ಮನೆಯಿಂದ ಹೊರಟು ಭದ್ರಾವತಿ ಬಸ್ಸು ಹತ್ತಿದೆ. ನಾನು ಮುಟ್ಟುವ ಹೊತ್ತಿಗೆ ಅತ್ತಿಗೆ ಸಮಾಧಿಯಿಂದ ಇಳಿದು ಬಂದು ಉಪ್ಪಿಟ್ಟು ತಿನ್ನುತ್ತಿದ್ದರು. ಏಪ್ರಿಲ್ ತಿಂಗಳು. ಮೈಮೇಲೆ ಭಾವನ ಸ್ವೆಟರು.

"ಈ ವರ್ಷ ಬೇಸಿಗೆ ಬರಲೇ ಇಲ್ಲ ಅಲ್ವೇನೇ?" ಎಂದು ಕೇಳಿದರು. ಗಂಟಲು ಗೊಗ್ಗರಾಗಿತ್ತು, ಮುಖ ಊದಿತ್ತು. ಅದು ಸಮಾಧಿಯಲ್ಲ, ಬರೀ ನಿದ್ದೆ ಎಂದು ನನಗೆ ಆಗಲೇ ಅನ್ನಿಸಿತು. ತಮಿಳಮ್ಮನಿಗೆ ಮಾತ್ರ ಹೇಳಲಿಲ್ಲ. ಅವರ ಕರ್ಪೂರ ಯಾಕೆ ದಂಡವಾಗಬೇಕು?

ಶಿವಮೊಗ್ಗದಲ್ಲಿ ಡಾಕ್ಟರಿಗೆ ತೋರಿಸಿದೆವು. ಕುತ್ತಿಗೆ ಒತ್ತಿ ನೋಡಿ ರಕ್ತ ಪರೀಕ್ಷೆಗೆ ಬರೆದರು. ಆಗೆಲ್ಲ ನಾವು ಕೊಟ್ಟ ಲ್ಯಾಬಿನವರು ರಕ್ತವನ್ನು ಬೆಂಗಳೂರಿಗೆ ಕಳಿಸಿ, ನಾಲ್ಕು ದಿನದ ಮೇಲೆ ರಿಪೋರ್ಟು ತರಿಸುತ್ತಿದ್ದರು. ಅತ್ತಿಗೆಗೆ ಅದೇ ಒಂದು ಕೊರಗು.

"ನೋಡು, ನಾನಿನ್ನೂ ಬೆಂಗಳೂರು ನೋಡಿಲ್ಲ. ನನ್ನ ರಕ್ತ ಹೋಗ್ಬಂತು."

ಥೈರಾಯ್ಡ್ ಗ್ರಂಥಿ ಕೆಲಸ ಕಡಿಮೆ ಮಾಡುತ್ತಿದೆ ಎಂದು ಡಾಕ್ಟರು ಹೇಳಿದಾಗ ಅತ್ತಿಗೆ ಒಂದಿಷ್ಟೂ ಬೇಸರಪಡಲಿಲ್ಲ. "ನನಗೆ ಐವತ್ತೆಂಟು ತುಂಬ್ತು ಡಾಕ್ಟ್ರೇ. ಐವತ್ತೆಂಟಕ್ಕೆ ಫ್ಯಾಕ್ಟರಿಯವರೇ ಇವ್ರನ್ನ ಮನೆಗೆ ಕಳಿಸಿದ್ರು. ಅದೊಂದು ರಿಟೈರ್ ಆದ್ರೆ ತಪ್ಪೇನು?"

ಗ್ರಂಥಿ ಮಲಗಿದಷ್ಟೂ ತಲೆಯೊಳಗಿಂದ ಅದನ್ನು ಏಳಿಸಲು ಜೋರಾಗಿ ಕರೆ ಹೋಗುತ್ತದಂತೆ. ಆ ಕರೆಯ ಅಂಕಿಗೆ ಟಿಎಸ್‌ಎಚ್ ಎನ್ನುತ್ತಾರೆ, ಅದು ಜಾಸ್ತಿ ಬಂದರೆ ಒಳ್ಳೆಯದಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದರು. ಅತ್ತಿಗೆ ಪಾಲಿಗೆ ಅಂಕಿ ಎಂದರೆ ಮಾರ್ಕ್ಸು. ಡಾಕ್ಟರು ಬರೆದುಕೊಟ್ಟ ಐವತ್ತು ಮೈಕ್ರೋಗ್ರಾಂ ಮಾತ್ರೆ ನುಂಗಿ ಎರಡು ತಿಂಗಳಾದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿದರೆ ಅಂಕಿ ಏರಿತ್ತು. "ಹೋದ ಸಲಕ್ಕಿಂತ ಜಾಸ್ತಿ ತಗೊಂಡಿದೀನಿ" ಎಂದು ಬೀದಿಗೆಲ್ಲ ಹೇಳಿಕೊಂಡು ಬಂದರು.

ಡಾಕ್ಟರು ಮಾತ್ರ ಹಣೆ ಗಂಟು ಹಾಕಿದರು.

"ಬೆಳಿಗ್ಗೆ ಬರಿಹೊಟ್ಟೇಲಿ ತಗೊಳ್ತಿದೀರಾ ಅಮ್ಮಾ?"

"ಬರಿಹೊಟ್ಟೇಲೇ. ಲಿಂಗಪೂಜೆ ಆಗೋವರ್ಗೂ ನಾನು ತೊಟ್ಟು ನೀರೂ ಬಾಯಿಗೆ ಹಾಕೋಳಲ್ಲ."

ಇಷ್ಟು ಶಿಸ್ತಿನ ರೋಗಿಯನ್ನು ಯಾರು ಅನುಮಾನಿಸುತ್ತಾರೆ? ಮಾತ್ರೆ ಎಪ್ಪತ್ತೈದಕ್ಕೆ ಏರಿತು. ಆಮೇಲೆ ನೂರಕ್ಕೆ. ಆಮೇಲೆ ನೂರಿಪ್ಪತ್ತೈದಕ್ಕೆ. ಅತ್ತಿಗೆ ಸ್ವೆಟರು ಬಿಚ್ಚಲಿಲ್ಲ. ಮಾತಿನ ನಡುವೆ ತೂಕಡಿಸುವುದು, ಎಚ್ಚರಾದ ಮೇಲೆ ಅದೇ ಮಾತು ಮುಂದುವರಿಸುವುದು ಎರಡೂ ತಪ್ಪಲಿಲ್ಲ.

ಅಷ್ಟರಲ್ಲಿ ಅವರ ಮನೆಯ ನೆಲ ಅಗೆಸಿ ಮೊಸಾಯಿಕ್ ಹಾಕಿಸಲು ಶುರು ಮಾಡಿದರು. ಭಾವ ಅಲ್ಲೇ ಕಾವಲಿಗೆ ಉಳಿದರು. ಅತ್ತಿಗೆ ಒಂದೂವರೆ ತಿಂಗಳಿಗೆಂದು ನಮ್ಮ ಮನೆಗೆ ಬಂದರು. ಮಾರನೇ ದಿನವೇ ನಾನು ಕಣ್ಣಾರೆ ನೋಡಿದೆ. ಪೂಜೆಯ ಕೊನೆಗೆ ನೈವೇದ್ಯಕ್ಕೆ ಒಂದು ಬೆಳ್ಳಿ ಬಟ್ಟಲು ಕಾಯಿಸಿದ ಹಾಲು. ಆ ಹಾಲಿಗೆ ಮಾತ್ರೆ ಹಾಕಿ, ದೇವರಿಗೆ ತೋರಿಸಿ, ಒಂದೇ ಗುಟುಕಿಗೆ ಕುಡಿದರು.

"ಇದೇನಾ ಅತ್ತಿಗೆ ನಿಮ್ಮ ಬರಿಹೊಟ್ಟೆ?"

"ಮತ್ತಿನ್ನೇನು? ಬೆಳಗಿಂದ ಏನಾದ್ರೂ ತಿಂದಿದೀನಾ?"

"ಹಾಲು ಕುಡಿದ್ರಲ್ಲ. ಹಾಲಿನ ಜೊತೆ ತಗೊಂಡ್ರೆ ಮಾತ್ರೆ ಸರಿಯಾಗಿ ಮೈಗೆ ಹತ್ತಲ್ಲ, ನೀರಲ್ಲೇ ತಗೋಬೇಕು ಅಂತ ಚೀಟಿಲೇ ಬರೆದಿದಾರೆ."

"ಅದು ಪ್ರಸಾದ ಕಣೇ. ಪ್ರಸಾದ ಊಟ ಹೇಗಾಗುತ್ತೆ? ದೇವರಿಗೆ ತೋರಿಸ್ದೆ ಔಷಧಿ ಹೇಗೆ ನುಂಗ್ಲಿ?"

ನಾನೂ ಲಿಂಗ ಕಟ್ಟಿಕೊಂಡವಳೇ, ಪ್ರಸಾದದ ವಿಷಯದಲ್ಲಿ ಅವರ ಜೊತೆ ವಾದ ಮಾಡುವುದು ಹೇಗೆ? ಎರಡು ದಿನ ಯೋಚಿಸಿ ಒಂದು ದಾರಿ ಹುಡುಕಿದೆ. ಸ್ನಾನ ಮುಗಿದ ಕೂಡಲೇ ಲಿಂಗಕ್ಕೆ ನೀರೆರೆದು, ಆ ತೀರ್ಥದಲ್ಲೇ ಮಾತ್ರೆ ನುಂಗುವುದು. ಆಮೇಲೆ ವಿಭೂತಿ, ಪತ್ರೆ, ಮಂತ್ರ. ಅವರ ಪೂಜೆ ಹೇಗೂ ಒಂದು ಗಂಟೆಗೆ ಕಡಿಮೆ ಇಲ್ಲ. ಹಾಲು ಬರುವಷ್ಟರಲ್ಲಿ ಮಾತ್ರೆ ತನ್ನ ಕೆಲಸ ಮುಗಿಸಿರುತ್ತದೆ. ಅತ್ತಿಗೆ ಗೊಣಗಿಕೊಂಡೇ ಒಪ್ಪಿದರು. ಮೊಸಾಯಿಕ್ ಹಾಕಿದವರಿಗಿಂತ ದೊಡ್ಡ ಕೆಲಸ ನಾನು ಮಾಡಿದೆ ಎಂದು ಬೀಗಿದೆ. ಡಾಕ್ಟರಿಗೆ ಒಂದು ಮಾತು ತಿಳಿಸಬೇಕೆಂದು ಮಾತ್ರ ಹೊಳೆಯಲಿಲ್ಲ.

ಮೂರನೇ ವಾರಕ್ಕೆ ಸ್ವೆಟರು ಹೋಯಿತು. ನಾಲ್ಕನೇ ವಾರ ಅತ್ತಿಗೆ ನಮ್ಮ ಅಟ್ಟ ಹತ್ತಿ, ನಾನು ಮದುವೆಯಾಗಿ ಬಂದಂದಿನಿಂದ ಮುಟ್ಟದ ಪಾತ್ರೆಗಳನ್ನೆಲ್ಲ ಕೆಳಗಿಳಿಸಿದರು. ಐದನೇ ವಾರ ಕಿಟಕಿಯ ಪರದೆ, ಗಾದಿಯ ಗವಸು, ಕೊನೆಗೆ ನಮ್ಮ ಯಜಮಾನರ ಆಫೀಸಿನ ಚೀಲವೂ ಒಗೆತಕ್ಕೆ ಬಿದ್ದವು. ಚೀಲದೊಳಗೆ ಕಾಗದಪತ್ರ ಇದ್ದವು ಎಂದು ಆಮೇಲೆ ಗೊತ್ತಾಯಿತು.

"ಅಕ್ಕಂಗೆ ಗುಣ ಆಗಿದೆ, ನಮಗೆ ಕಾಯಿಲೆ ಬಂದಿದೆ" ಎಂದರು ಯಜಮಾನರು, ಕಾಗದಗಳನ್ನು ತಂತಿಯ ಮೇಲೆ ಒಣಹಾಕುತ್ತಾ. ನಾವೆಲ್ಲ ನಕ್ಕೆವು. ಅತ್ತಿಗೆಯೂ ನಕ್ಕರು.

ಒಂದು ಬೆಳಗ್ಗೆ ಅವರು ಪೂಜೆಗೆ ಕೂತು ವಿಭೂತಿ ಹಚ್ಚಿಕೊಳ್ಳುತ್ತಿದ್ದುದನ್ನು ಬಾಗಿಲಿಂದ ನೋಡಿದೆ. ಹಣೆಯ ಮೇಲೆ ಗೆರೆ ಎಳೆದ ಹಾಗೆ ಇರುತ್ತಿದ್ದ ಮೂರು ಪಟ್ಟೆ ಅಂದು ಅಂಕುಡೊಂಕಾಗಿದ್ದವು. ಬೆರಳು ನಡುಗುತ್ತಿದ್ದವು. ಹತ್ತಿರ ಹೋಗಿ ಮಣಿಕಟ್ಟು ಹಿಡಿದು ನೋಡಿದರೆ ನಾಡಿ ಎಣಿಸಲಾಗದಷ್ಟು ವೇಗ.

"ಎಷ್ಟು ದಿನದಿಂದ ಹೀಗೆ?"

"ಒಂದು ವಾರ ಆಯ್ತು. ಎದೆ ಡವಡವ ಅನ್ನುತ್ತೆ. ನೀನು ಖುಷೀಲಿದ್ದೆ, ಹೇಳ್ಲಿಲ್ಲ."

ಡಾಕ್ಟರ ಹತ್ತಿರ ಹೊರಟು ಆಟೋದಲ್ಲಿ ಕೂತ ಮೇಲೆ ನನಗೆ ಅರ್ಥವಾಯಿತು. ಮಾತ್ರೆ ನೂರಿಪ್ಪತ್ತೈದಕ್ಕೆ ಏರಿದ್ದು ಹಾಲು ತಿಂದುಹಾಕುತ್ತಿದ್ದ ಪಾಲನ್ನೂ ಸೇರಿಸಿ. ಹಾಲು ತಪ್ಪಿಸಿದ ಮೇಲೆ ಅಷ್ಟೂ ಮೈಗೇ ಹತ್ತುತ್ತಿತ್ತು. ತಪ್ಪಿಸಿದವಳು ನಾನು. ಅವರ ಎದೆಗೆ ಏನಾದರೂ ಆದರೆ ಭಾವನ ಮುಂದೆ ಯಾವ ಮುಖ ಇಟ್ಟುಕೊಂಡು ನಿಲ್ಲಲಿ?

ಈಗ ಎಲ್ಲ ಸರಿಯಿದೆ, ಅದನ್ನು ಮೊದಲು ಹೇಳಿಬಿಡುತ್ತೇನೆ. ಇಸಿಜಿಯಲ್ಲಿ ಹೃದಯ ಗಟ್ಟಿಯಾಗಿದೆ ಎಂದು ಬಂತು. ಡಾಕ್ಟರು ರಿಪೋರ್ಟು ಬರುವ ತನಕ ಮಾತ್ರೆ ನಿಲ್ಲಿಸಿ, ಬಂದ ಮೇಲೆ ಎಪ್ಪತ್ತೈದಕ್ಕೆ ಇಳಿಸಿದರು. ಎರಡು ತಿಂಗಳ ನಂತರದ ಪರೀಕ್ಷೆಯಲ್ಲಿ ಅಂಕಿ ಎಲ್ಲಿರಬೇಕೋ ಅಲ್ಲಿತ್ತು. "ಇಷ್ಟೇನಾ?" ಎಂದು ಅತ್ತಿಗೆ ಮುಖ ಸಣ್ಣ ಮಾಡಿದರು.

ಆದರೆ ಇಸಿಜಿ ತೆಗೆದ ಆ ದಿನ ಡಾಕ್ಟರು ಎಲ್ಲ ಕೇಳಿ ತಿಳಿದುಕೊಂಡು, "ನನ್ನ ಕೇಳದೆ ಹೀಗೆ ಬದಲಾಯಿಸಿ ಅಂತ ಯಾರಮ್ಮಾ ಹೇಳಿದ್ದು?" ಎಂದು ಗದರಿದರು.

"ಯಾರೂ ಇಲ್ಲ. ನಾನೇ" ಎಂದರು ಅತ್ತಿಗೆ. ಪೂಜೆ ಮಾಡಿದ ಬಾಯಲ್ಲಿ ಸುಳ್ಳು ಬರಬಾರದು ಎಂದು ಹಾಲಿನವನ ಹತ್ತಿರವೂ ಹುಷಾರಾಗಿ ಮಾತಾಡುವ ಹೆಂಗಸು.

ಮನೆಗೆ ಬಂದು ಮಂಚದ ಮೇಲೆ ಕೂರಿಸಿದೆ. ಬೆನ್ನಿಗೆ ದಿಂಬು ಕೊಟ್ಟು ಪಕ್ಕದಲ್ಲೇ ನಿಂತೆ. ಅವರು ನನ್ನ ಕೈ ಎಳೆದುಕೊಂಡು, ನಡುಗುವ ಬೆರಳುಗಳನ್ನು ನನ್ನ ನಾಡಿಯ ಮೇಲೆ ಇಟ್ಟರು.

"ನನ್ನದಕ್ಕಿಂತ ನಿಂದೇ ಜೋರಾಗಿ ಹೊಡ್ಕೋತಿದೆಯಲ್ಲೇ, ಮಾರಾಯ್ತಿ."

"ನಿಮಗೇನಾದ್ರೂ ಆಗಿದ್ರೆ, ಅತ್ತಿಗೆ…"

"ಆಗ್ಲಿಲ್ವಲ್ಲ. ಸುಮ್ನೆ ಕೂತ್ಕೋ."

ಕೂತೆ. ಅವರು ಗೋಡೆ ಗಡಿಯಾರ ನೋಡುತ್ತಾ, ನನ್ನ ಕೈ ಹಿಡಿದೇ ನಾಡಿ ಎಣಿಸಿದರು. "ಹೂಂ, ಇಳೀತು" ಎಂದ ಮೇಲೆಯೇ ಬಿಟ್ಟಿದ್ದು.

ದೋಸೆಗೆ ನೆನೆಸಿದ್ದ ಅಕ್ಕಿ, ಉದ್ದಿನಬೇಳೆ ಹಾಗೇ ಇದ್ದವು. ಎದ್ದು ಹೋಗಿ ಬೇಳೆ ತೊಳೆದು ಗ್ರೈಂಡರಿಗೆ ಹಾಕಿದೆ.